ಮರುಮದುವೆಯ ನಂತರ ಮಗು ಯಾರ ಬಳಿ?

ಹಿಂದಿನ ಎರಡು ಜುಮಾಗಳ ಬಯಾನಿನಲ್ಲಿ ಒಂದೇ ವಿಷಯ ಮಾತನಾಡಿದೆ, ಆದರೂ ಸಮಯ ಸಾಲಲಿಲ್ಲ. ನಮಾಝ್ ಮುಗಿದ ಮೇಲೆ ಹಲವರು ನಿಂತು ಕೇಳಿದರು. ಮಸೀದಿಗೆ ಬರಲಾಗದ ಸಹೋದರಿಯರು ಮನೆಯವರ ಕೈಲಿ ಪ್ರಶ್ನೆ ಕಳಿಸಿದರು. ಅವನ್ನೆಲ್ಲ ಸೇರಿಸಿ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ.

ವಿಷಯ ಇದು. ಕೂಸು ಇರುವ ಹೆಣ್ಣುಮಗಳೊಬ್ಬಳು ವಿಧವೆಯಾಗುತ್ತಾಳೆ, ಇಲ್ಲವೇ ತಲಾಕ್ ಅಥವಾ ಖುಲಾ ಆಗಿ ತವರಿಗೆ ಬರುತ್ತಾಳೆ. ಇದ್ದತ್ ಮುಗಿದು ಆರು ತಿಂಗಳೋ ವರ್ಷವೋ ಕಳೆದ ಮೇಲೆ ಸಂಬಂಧವೊಂದು ಬರುತ್ತದೆ. ಗಂಡಿನ ಕಡೆಯವರ ಮೊದಲ ಮಾತೇ, "ಹುಡುಗಿ ಬರಲಿ, ಕೂಸು ಬ್ಯಾಡ." ಇತ್ತ ಹಳೆಯ ಗಂಡನ ಮನೆಯವರು, "ಆಕಿ ಇನ್ನೊಬ್ಬನ್ನ ಮದುವಿ ಆದ್ಲು ಅಂದ್ರೆ ಕೂಸು ನಮ್ದು, ಶರೀಅತ್ ಹಂಗೇ ಹೇಳ್ತದ" ಎನ್ನುತ್ತಾರೆ. ನಡುವೆ ಇಪ್ಪತ್ತೈದು ತುಂಬದ ಆ ತಾಯಿ. ಕೂಸು ಕೈತಪ್ಪೀತು ಎಂಬ ಹೆದರಿಕೆಯಲ್ಲಿ ಕೆಲವರು ಜೀವನಪೂರ್ತಿ ನಿಕಾಹ್ ಬೇಡವೆನ್ನುತ್ತಾರೆ. ಕೆಲವರು ಕೂಸನ್ನು ಬಿಟ್ಟು ಅಳುತ್ತ ಹೋಗುತ್ತಾರೆ. ಅದೇ ಕೂಸಿನ ತಂದೆ ಮೂರು ತಿಂಗಳಲ್ಲಿ ಇನ್ನೊಂದು ಮದುವೆಯಾದರೆ, "ನಿನ್ನ ಮಗುವಿನ ಗತಿ ಏನು?" ಎಂದು ಅವನನ್ನು ಯಾರೂ ಕೇಳುವುದಿಲ್ಲ. ಇದು ನಮ್ಮ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ ಕಡೆಯ ಮಾತು ಮಾತ್ರವಲ್ಲ, ಎಲ್ಲ ಕಡೆಯೂ ಇದೆ. ಆದರೆ ಶರೀಅತ್ತಿನ ಹೆಸರು ಹೇಳಿ ಹೆದರಿಸುವುದಾದರೆ ಶರೀಅತ್ ನಿಜವಾಗಿ ಏನು ಹೇಳುತ್ತದೆ ಎಂದು ತಿಳಿದು ಹೇಳಬೇಕಲ್ಲವೇ?

ಅಬೂದಾವೂದ್ ಹದೀಸ್ ಸಂಗ್ರಹದಲ್ಲಿ ಹಝ್ರತ್ ಅಬ್ದುಲ್ಲಾ ಬಿನ್ ಅಮ್ರ್(ರ) ವರದಿ ಮಾಡಿದ ಪ್ರಸಂಗವೊಂದಿದೆ. ಒಬ್ಬ ಮಹಿಳೆ ಪ್ರವಾದಿವರ್ಯರ(ಸ) ಬಳಿ ಬಂದು, ಈ ಮಗುವನ್ನು ನಾನು ಹೊಟ್ಟೆಯಲ್ಲಿ ಹೊತ್ತೆ, ಎದೆಹಾಲು ಕುಡಿಸಿದೆ, ಮಡಿಲಲ್ಲಿ ಬೆಳೆಸಿದೆ, ಈಗ ಇದರ ತಂದೆ ನನಗೆ ತಲಾಕ್ ಕೊಟ್ಟು ಮಗುವನ್ನೂ ಕಿತ್ತುಕೊಳ್ಳಲು ಬಯಸುತ್ತಿದ್ದಾನೆ ಎಂದು ದೂರಿದಳು. ನೀನು ಬೇರೆ ಮದುವೆಯಾಗುವವರೆಗೆ ಮಗುವಿನ ಮೇಲೆ ನಿನಗೇ ಹೆಚ್ಚಿನ ಹಕ್ಕು ಎಂದು ಪ್ರವಾದಿವರ್ಯರು(ಸ) ತೀರ್ಪಿತ್ತರು. ಜನ ಈ ಹದೀಸಿನ ಕೊನೆಯ ಭಾಗವನ್ನು ಹಿಡಿದುಕೊಂಡಿದ್ದಾರೆ. ಅದು ತಾಯಿಯ ದೂರನ್ನು ಆಲಿಸಿ ತಾಯಿಯ ಪರ ಕೊಟ್ಟ ತೀರ್ಪು ಎಂಬುದು ಮರೆತುಹೋಗಿದೆ.

ಇದರ ಆಧಾರದ ಮೇಲೆ ನಮ್ಮ ಹನಫೀ ಫುಖಹಾಗಳು ನಿಯಮ ಬರೆದರು. ಮಗುವನ್ನು ಸಾಕಿ ಸಲಹುವ ಹಕ್ಕಿಗೆ ಹಝಾನತ್ ಎನ್ನುತ್ತಾರೆ. ಗಂಡುಮಗುವಿಗೆ ಏಳು ವರ್ಷದವರೆಗೆ, ಹೆಣ್ಣುಮಗುವಿಗೆ ಪ್ರಾಯಕ್ಕೆ ಬರುವವರೆಗೆ ಈ ಹಕ್ಕು ತಾಯಿಯದು. ತಾಯಿ ಮಗುವಿಗೆ ಅಪರಿಚಿತನಾದ, ಅಂದರೆ ರಕ್ತಸಂಬಂಧದಲ್ಲಿ ಮಹ್ರಮ್ ಅಲ್ಲದ ಗಂಡಸನ್ನು ಮದುವೆಯಾದರೆ ಹಕ್ಕು ಕಳೆದುಕೊಳ್ಳುತ್ತಾಳೆ. ಇಲ್ಲಿಯವರೆಗೆ ಎಲ್ಲರಿಗೂ ಗೊತ್ತು. ಮುಂದಿನ ಮೂರು ಮಾತು ಬಹಳ ಜನರಿಗೆ ಗೊತ್ತಿಲ್ಲ.

ತಾಯಿಯ ಹಕ್ಕು ಹೋದರೆ ಮಗು ನೇರ ತಂದೆಯ ಮನೆಗೆ ಹೋಗುವುದಿಲ್ಲ. ಮೊದಲು ನಾನಿಗೆ, ಅಂದರೆ ತಾಯಿಯ ತಾಯಿಗೆ ಹೋಗುತ್ತದೆ. ನಾನಿ ಇಲ್ಲದಿದ್ದರೆ ದಾದಿಗೆ, ಆಮೇಲೆ ಅಕ್ಕಂದಿರು, ಖಾಲಾ, ಫುಫು. ಈ ಹೆಂಗಸರ ಸಾಲು ಮುಗಿದ ಮೇಲೆ ಗಂಡಸರ ಸರದಿ. ಆದ್ದರಿಂದ "ಆಕೆ ಮದುವೆಯಾದಳು, ಕೂಸು ಕೊಡಿ" ಎಂದು ಬಾಗಿಲಿಗೆ ಬಂದವರಿಗೆ ಹನಫೀ ಫಿಕ್ಹ್‌ನಲ್ಲೇ ಉತ್ತರವಿದೆ: ಅದರ ನಾನಿ ಇದ್ದಾಳೆ. ಎರಡನೆಯದು, ತಾಯಿ ಮದುವೆಯಾಗುವವನು ಮಗುವಿನ ಚಾಚಾ ಆಗಿದ್ದರೆ ಹಕ್ಕು ಹೋಗುವುದೇ ಇಲ್ಲ, ಏಕೆಂದರೆ ಅವನು ಮಗುವಿಗೆ ಪರಕೀಯನಲ್ಲ. ಮೂರನೆಯದು, ಆ ಎರಡನೇ ಮದುವೆ ತಲಾಕಿನಿಂದಲೋ ಗಂಡನ ಮರಣದಿಂದಲೋ ಕೊನೆಗೊಂಡರೆ ತಾಯಿಯ ಹಕ್ಕು ಮರಳಿ ಬರುತ್ತದೆ. ಇದು ತಾಯಿಗೆ ಕೊಟ್ಟ ಶಿಕ್ಷೆಯಾಗಿದ್ದರೆ ಹೀಗೆ ಮರಳಿ ಬರುತ್ತಿರಲಿಲ್ಲ. ಹೊಸ ಮನೆಯಲ್ಲಿ ಮಗುವಿಗೆ ತಾತ್ಸಾರವಾದೀತು ಎಂಬ ಕಾಳಜಿಯೇ ನಿಯಮದ ಕಾರಣ.

ಹಾಗಾದರೆ ಹೊಸ ಮನೆಯಲ್ಲಿ ತಾತ್ಸಾರ ಇಲ್ಲದಿದ್ದರೆ? ಈ ಪ್ರಶ್ನೆಯನ್ನು ಹಿಂದಿನವರೂ ಕೇಳಿದ್ದಾರೆ. ಹಿಜರಿ 7ರಲ್ಲಿ ಉಮ್ರಾ ಮುಗಿಸಿ ಮಕ್ಕಾದಿಂದ ಹೊರಡುವಾಗ ಹುತಾತ್ಮ ಹಮ್ಝಾರ(ರ) ಪುಟ್ಟ ಮಗಳು ಚಿಕ್ಕಪ್ಪಾ ಎಂದು ಕೂಗುತ್ತ ಹಿಂದೆ ಓಡಿಬಂದಳು. ಅವಳನ್ನು ಸಾಕಲು ಅಲೀ, ಜಅಫರ್ ಮತ್ತು ಝೈದ್(ರ) ಮೂವರೂ ಮುಂದೆ ಬಂದರು. ಪ್ರವಾದಿವರ್ಯರು(ಸ) ಅವಳನ್ನು ಜಅಫರರ ಮನೆಗೆ ಕಳಿಸಿದರು. ಏಕೆಂದರೆ ಆ ಮನೆಯಲ್ಲಿ ಅವಳ ಖಾಲಾ ಇದ್ದಳು, ಖಾಲಾ ತಾಯಿಯ ಸ್ಥಾನದವಳು. ಬುಖಾರಿಯಲ್ಲಿರುವ ಈ ಪ್ರಸಂಗದಲ್ಲಿ ಆ ಖಾಲಾ ಮದುವೆಯಾಗಿದ್ದವಳು, ಆಕೆಯ ಗಂಡ ಹುಡುಗಿಗೆ ದೊಡ್ಡಪ್ಪನ ಮಗ ಮಾತ್ರ. ಆದ್ದರಿಂದ ಮದುವೆಯಾದ ಮಾತ್ರಕ್ಕೆ ಹಕ್ಕು ಹೋಗದು, ಗಂಡ ಒಪ್ಪಿ ಪ್ರೀತಿಯಿಂದ ನೋಡಿಕೊಳ್ಳುವುದಾದರೆ ಮಗುವಿನ ಹಿತವೇ ಮುಖ್ಯ ಎಂದು ಕೆಲವು ವಿದ್ವಾಂಸರು ಹೇಳಿದ್ದಾರೆ. ತಾಬಿಈಗಳಲ್ಲಿ ಹಸನ್ ಬಸ್ರೀ(ರಹ) ಮರುಮದುವೆಯಿಂದ ತಾಯಿಯ ಹಕ್ಕು ಹೋಗುವುದಿಲ್ಲ ಎಂಬ ಅಭಿಪ್ರಾಯದವರು. ನಾನು ಹನಫೀ ಮದ್ರಸಾದಲ್ಲಿ ಓದಿದವನು, ಮದ್‌ಹಬ್ ಬದಲಿಸಿ ಎಂದು ಯಾರಿಗೂ ಹೇಳುತ್ತಿಲ್ಲ. ನಿಯಮದ ಹಿಂದಿನ ಕಾರಣವನ್ನು ನೋಡಿ ಎನ್ನುತ್ತಿದ್ದೇನೆ.

ಪ್ರವಾದಿವರ್ಯರ(ಸ) ಮನೆಯನ್ನೇ ನೋಡಿ. ಉಮ್ಮು ಸಲಮಾ(ರ) ವಿಧವೆಯಾಗಿ, ಪುಟ್ಟ ಮಕ್ಕಳೊಂದಿಗೆ ಆ ಮನೆಗೆ ಬಂದವರು. "ಕೂಸು ಬ್ಯಾಡ" ಎಂಬ ಮಾತು ಅಲ್ಲಿ ಬರಲಿಲ್ಲ. ಅವರ ಮಗ ಉಮರ್ ಬಿನ್ ಅಬೀ ಸಲಮಾ ಊಟದ ತಟ್ಟೆಯ ತುಂಬ ಕೈಯಾಡಿಸುತ್ತಿದ್ದಾಗ ಬಿಸ್ಮಿಲ್ಲಾ ಹೇಳು, ಬಲಗೈಯಿಂದ ತಿನ್ನು, ನಿನ್ನ ಮುಂದಿನದನ್ನು ತಿನ್ನು ಎಂದು ಕಲಿಸಿದರು. ನಮ್ಮ ಮಕ್ಕಳಿಗೆ ನಾವು ಮೊದಲು ಕಲಿಸುವ ಈ ಅದಬ್ ಒಬ್ಬ ಮಲಮಗನಿಗೆ ಕಲಿಸಿದ್ದು ಎಂದು ಎಷ್ಟು ಜನ ಯೋಚಿಸಿದ್ದೇವೆ? ಹಝ್ರತ್ ಅನಸ್‌ರನ್ನು(ರ) ಕೈಹಿಡಿದು ತಂದು, ಹುಡುಗ ಚುರುಕಿದ್ದಾನೆ, ನಿಮ್ಮ ಸೇವೆಯಲ್ಲಿ ಇರಲಿ ಎಂದು ಒಪ್ಪಿಸಿದವರು ಅವರ ಮಲತಂದೆ ಅಬೂ ತಲ್ಹಾ(ರ). ಅಬೂಬಕರ್‌ರ(ರ) ಮಗ ಮುಹಮ್ಮದ್, ತಾಯಿ ಅಸ್ಮಾ ಬಿಂತ್ ಉಮೈಸ್(ರ) ಮರುಮದುವೆಯಾದ ಮೇಲೆ ಹಝ್ರತ್ ಅಲೀಯವರ(ರ) ಮನೆಯಲ್ಲಿ ಬೆಳೆದರು.

ಕೋರ್ಟು ಏನು ಹೇಳುತ್ತದೆ?

ನಮ್ಮ ದೇಶದಲ್ಲಿ ಮಕ್ಕಳ ಸುಪರ್ದಿಯ ವಿವಾದವನ್ನು 1890ರ ಪಾಲಕರು ಮತ್ತು ಪಾಲ್ಯರ ಕಾಯ್ದೆಯ ಅಡಿ ಕೋರ್ಟು ತೀರ್ಮಾನಿಸುತ್ತದೆ. ಅದರ 17ನೇ ಕಲಂ ಪ್ರಕಾರ ಮಗುವಿನ ವೈಯಕ್ತಿಕ ಕಾನೂನನ್ನು ಗಮನದಲ್ಲಿಟ್ಟು ಮಗುವಿನ ಹಿತ ನೋಡಬೇಕು. ಮಗುವಿಗೆ ತಿಳುವಳಿಕೆ ಬಂದಿದ್ದರೆ ಅದರ ಇಚ್ಛೆಯನ್ನೂ ಕೇಳಬಹುದು. ತಂದೆಯ ಜೇಬು ದೊಡ್ಡದೋ ತಾಯಿಯ ಕಣ್ಣೀರು ಹೆಚ್ಚೋ ಎಂಬುದಕ್ಕಿಂತ ಮಗು ಎಲ್ಲಿ ಚೆನ್ನಾಗಿ ಬೆಳೆಯುತ್ತದೆ ಎಂಬುದೇ ಕೋರ್ಟಿನ ಪ್ರಶ್ನೆ.

ಬೆಂಗಳೂರಿನ ಒಂದು ಮುಸ್ಲಿಮ್ ಕುಟುಂಬದ ವಿವಾದ ಇದಕ್ಕೆ ಒಳ್ಳೆಯ ಉದಾಹರಣೆ. 2007ರಲ್ಲಿ ಎರಡು ಮಕ್ಕಳ ತಾಯಿ ತೀರಿಕೊಂಡಳು. ಮರುವರ್ಷ ತಂದೆ ಇನ್ನೊಂದು ನಿಕಾಹ್ ಮಾಡಿಕೊಂಡನು. ಮಕ್ಕಳು ತಮ್ಮ ಬಳಿಯೇ ಇರಲಿ ಎಂದು ತಾಯಿಯ ತಂದೆ ಮತ್ತು ಖಾಲಾಗಳು ಫ್ಯಾಮಿಲಿ ಕೋರ್ಟಿಗೆ ಹೋದರು. ವಿವಾದ ಹೈಕೋರ್ಟ್ ದಾಟಿ ಸುಪ್ರೀಂ ಕೋರ್ಟ್ ತಲುಪಿತು. 2010ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ಮೂಲ ಅರ್ಜಿ ತೀರ್ಮಾನವಾಗುವವರೆಗೆ ಮಕ್ಕಳು ತಾಯಿಯ ಕಡೆಯವರ ಬಳಿಯೇ ಇರಲಿ ಎಂಬ ಹೈಕೋರ್ಟ್ ಆದೇಶವನ್ನು ಎತ್ತಿಹಿಡಿಯಿತು. ಅದರಲ್ಲಿ ಎರಡು ಮಾತು ಮುಖ್ಯ. ಪೋಷಕತ್ವ ಬೇರೆ, ಸುಪರ್ದಿ ಬೇರೆ. ತಂದೆ ವಲೀ ಆಗಿರುತ್ತಾನೆ ಎಂದ ಮಾತ್ರಕ್ಕೆ ಮಗು ಅವನ ಮನೆಯಲ್ಲೇ ಇರಬೇಕೆಂದಿಲ್ಲ. ಮತ್ತೆ, ತಂದೆಯ ಮರುಮದುವೆ ತಾನೇ ಒಂದು ಅನರ್ಹತೆಯಲ್ಲ, ಆದರೆ ಮಗುವಿನ ಹಿತ ಅಳೆಯುವಾಗ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಫಿಕ್ಹ್ ಓದಿದವರಿಗೆ ಇದು ಹೊಸದಲ್ಲ. ವಿಲಾಯತ್ ಮತ್ತು ಹಝಾನತ್ ಎಂದು ನಮ್ಮ ಕಿತಾಬುಗಳು ಬೇರೆ ಬೇರೆ ಅಧ್ಯಾಯ ಮಾಡಿದ್ದು ಇದನ್ನೇ.

2022ರಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತರ ಮುಂದೆ ಬಂದ ಇನ್ನೊಂದು ಪ್ರಕರಣದಲ್ಲಿ ತಂದೆ ಎರಡನೇ ಮದುವೆಯಾಗಿ ಅದರಲ್ಲಿ ಮಗುವೂ ಆಗಿತ್ತು. ಮೊದಲ ಹೆಂಡತಿಯ ಮಗನನ್ನು ತನಗೆ ಕೊಡಿಸಬೇಕೆಂಬ ಆತನ ಕೋರಿಕೆಯನ್ನು ಹೈಕೋರ್ಟು ಒಪ್ಪಲಿಲ್ಲ, ಮಗು ತಾಯಿಯ ಬಳಿ ಉಳಿಯಿತು. ತಾಯಿ ಮರುಮದುವೆಯಾದ ಪ್ರಶ್ನೆಗೆ 2006ರಲ್ಲಿ ಕೇರಳದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಉತ್ತರಿಸಿದೆ: ಮರುಮದುವೆಯಾದಳು ಎಂಬ ಒಂದೇ ಕಾರಣಕ್ಕೆ ತಾಯಿಗೆ ಮಗುವನ್ನು ನಿರಾಕರಿಸುವಂತಿಲ್ಲ. ಅದು ಹಿಂದೂ ಕುಟುಂಬದ ಪ್ರಕರಣವಾದರೂ ಮಗುವಿನ ಹಿತದ ತತ್ವ ಎಲ್ಲರಿಗೂ ಒಂದೇ.

ಮಗು ಯಾರ ಬಳಿಯೇ ಇರಲಿ, ಇನ್ನೊಬ್ಬರಿಗೆ ಅದನ್ನು ನೋಡುವ, ಮಾತನಾಡಿಸುವ ಹಕ್ಕು ಇರುತ್ತದೆ. ಮಗುವಿನ ನೆಪದಲ್ಲಿ ತಾಯಿಗಾಗಲಿ ತಂದೆಗಾಗಲಿ ತೊಂದರೆ ಕೊಡಬಾರದೆಂದು ಕುರ್‌ಆನಿನ 2:233ರಲ್ಲಿ ಇಬ್ಬರ ಹೆಸರನ್ನೂ ಹೇಳಿ ಎಚ್ಚರಿಸಲಾಗಿದೆ. ಈದ್ ದಿನ ಹೊಸ ಬಟ್ಟೆ ಹಿಡಿದು ಬಂದ ತಂದೆಯನ್ನು ಬಾಗಿಲಿನಿಂದ ಹಿಂದಕ್ಕೆ ಕಳಿಸುವವರು, ಶಾಲೆಯ ಗೇಟಿನ ಬಳಿ ನಿಂತ ತಾಯಿಯನ್ನು ಬೈದು ಓಡಿಸುವವರು ಇಬ್ಬರೂ ಈ ಆಯತನ್ನು ಒಮ್ಮೆ ಓದಬೇಕು.

ಖರ್ಚು ಯಾರದು?

ಇದರಲ್ಲಿ ಗೊಂದಲವೇ ಇಲ್ಲ. ಮಗು ತಾಯಿಯ ಬಳಿ ಇರಲಿ, ನಾನಿಯ ಬಳಿ ಇರಲಿ, ಮಲತಂದೆಯ ಮನೆಯಲ್ಲಿರಲಿ, ನಫ್ಕಾ ಹೆತ್ತ ತಂದೆಯ ಮೇಲಿನ ಸಾಲ. "ಆಕೆ ಇನ್ನೊಬ್ಬನ್ನ ಕಟ್ಟಿಕೊಂಡಾಳ, ಅವನೇ ಸಾಕಲಿ" ಎನ್ನುವವನು ಶರೀಅತ್ತಿನ ಮುಂದೆಯೂ ಕಾನೂನಿನ ಮುಂದೆಯೂ ತಪ್ಪಿತಸ್ಥ. ಮರುಮದುವೆಯಿಂದ ನಿಲ್ಲುವುದು ಮಾಜಿ ಹೆಂಡತಿಯ ಜೀವನಾಂಶ ಮಾತ್ರ, ಮಗುವಿನದಲ್ಲ. 1986ರ ಮುಸ್ಲಿಮ್ ಮಹಿಳೆಯರ ಕಾಯ್ದೆಯಲ್ಲಿ ಮಗುವಿಗೆ ಎರಡು ವರ್ಷದ ಮಾತಷ್ಟೇ ಇದೆ ಎಂದು ವಾದಿಸಿದ ತಂದೆಗೆ 1997ರಲ್ಲಿ ನೂರ್ ಸಬಾ ಖಾತೂನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಹೇಳಿತು: ಮಕ್ಕಳ ಹಕ್ಕು ಬೇರೆಯೇ, ಪ್ರಾಪ್ತ ವಯಸ್ಸಿನವರೆಗೆ ಅಥವಾ ದುಡಿದುಕೊಳ್ಳುವವರೆಗೆ, ಹೆಣ್ಣುಮಕ್ಕಳಿಗೆ ಮದುವೆಯಾಗುವವರೆಗೆ ತಂದೆ ಕೊಡಬೇಕು. ಹಿಂದೆ 125ನೇ ಕಲಂ ಎನ್ನುತ್ತಿದ್ದುದು 2024ರ ಜುಲೈ 1ರಿಂದ ಹೊಸ ಸಂಹಿತೆಯ 144ನೇ ಕಲಂ ಆಗಿದೆ. ಕೋರ್ಟಿನಲ್ಲಿ ಕೇಳುವಾಗ ಈ ಹೊಸ ಸಂಖ್ಯೆ ನೆನಪಿರಲಿ.

ತಂದೆ ಮರುಮದುವೆಯಾಗಿ, "ನನಗೀಗ ಬೇರೆ ಸಂಸಾರ ಇದೆ, ಎಲ್ಲಿಂದ ತರಲಿ?" ಎಂದರೆ? 2021ರ ಅಕ್ಟೋಬರ್‌ನಲ್ಲಿ ನಮ್ಮ ಹೈಕೋರ್ಟು ಬೆಂಗಳೂರಿನ ಒಬ್ಬ ಮುಸ್ಲಿಮ್ ವ್ಯಕ್ತಿಗೆ ಇದಕ್ಕೆ ಉತ್ತರ ಕೊಟ್ಟಿದೆ. 1991ರಲ್ಲಿ ತಲಾಕ್ ಕೊಟ್ಟಿದ್ದ ಆತ, ಮಾಜಿ ಹೆಂಡತಿಗೆ ತಿಂಗಳಿಗೆ 3,000 ರೂಪಾಯಿ ಕೊಡಬೇಕೆಂಬ ಆದೇಶವನ್ನು ತಪ್ಪಿಸಿಕೊಳ್ಳಲು ತನ್ನ ಎರಡನೇ ಮದುವೆ, ಮಗುವನ್ನು ಮುಂದಿಟ್ಟಿದ್ದ. ಆತುರದಿಂದ ಇನ್ನೊಂದು ಮದುವೆಯಾದವನು ಮೊದಲ ಹೊಣೆಯನ್ನು ಅರಿತೇ ಆಗಿರಬೇಕು ಎಂಬರ್ಥದಲ್ಲಿ ಕೋರ್ಟು ಅದನ್ನು ತಳ್ಳಿಹಾಕಿತು. ಅದು ಮಾಜಿ ಹೆಂಡತಿಯ ವಿಷಯ. ಮಗುವಿನ ವಿಷಯದಲ್ಲಂತೂ ಕೇಳುವುದೇ ಬೇಡ.

ಮಲತಂದೆಗೆ ಈ ಖರ್ಚು ಕಡ್ಡಾಯವಲ್ಲ. ಆತ ಸಾಕಿದರೆ ಅದು ಎಹ್ಸಾನ್. ಮಗು ತಂದೆ ಸತ್ತ ಯತೀಮ್ ಆಗಿದ್ದರೆ, ಯತೀಮನನ್ನು ಸಾಕುವವನು ಜನ್ನತ್ತಿನಲ್ಲಿ ತನಗೆ ಎಷ್ಟು ಹತ್ತಿರವಿರುತ್ತಾನೆಂದು ಪ್ರವಾದಿವರ್ಯರು(ಸ) ಎರಡು ಬೆರಳು ಜೋಡಿಸಿ ತೋರಿಸಿದ್ದನ್ನು ಆತ ನೆನೆಯಲಿ. "ಕೂಸು ಬ್ಯಾಡ" ಎನ್ನುವ ವರನಿಗೆ ನಾನು ಹೇಳುವುದೂ ಇದನ್ನೇ.

ಇಲ್ಲಿ ಬಾಂಡ್ ಪೇಪರಿನ ಮಾತು ಹೇಳಲೇಬೇಕು. ಖುಲಾ ಅಥವಾ ತಲಾಕಿನ ಪಂಚಾಯಿತಿಯಲ್ಲಿ ಹಿರಿಯರು ಕೂತು, "ಮಗು ತಾಯಿಗೆ, ತಂದೆ ಏನೂ ಕೊಡುವ ಹಾಗಿಲ್ಲ" ಎಂದೋ "ಮಗು ತಂದೆಗೆ, ತಾಯಿ ಮುಂದೆ ನೋಡಲೂ ಬರುವ ಹಾಗಿಲ್ಲ" ಎಂದೋ ಬರೆಸಿ ಸಹಿ ಹಾಕಿಸುತ್ತಾರೆ. ಜಗಳ ಅವತ್ತಿಗೆ ಮುಗಿಯಲಿ ಎಂಬ ಉದ್ದೇಶ ಒಳ್ಳೆಯದೇ. ಆದರೆ ಮಗುವಿನ ಅನ್ನದ ಹಕ್ಕನ್ನು ತಾಯಿಯೂ ಬರೆದುಕೊಡಲು ಬರುವುದಿಲ್ಲ. ಅದು ಅವಳದಲ್ಲ, ಮಗುವಿನದು. ಅಂಥ ಕಾಗದ ಇದ್ದರೂ ಮಗುವಿನ ಪರವಾಗಿ ಕೋರ್ಟಿನಲ್ಲಿ ಜೀವನಾಂಶ ಕೇಳಬಹುದು. ಜಮಾಅತಿನ ಹಿರಿಯರು ಕಾಗದ ಬರೆಸುವುದಾದರೆ ತಿಂಗಳಿಗೆ ಎಷ್ಟು, ಯಾವ ತಾರೀಖಿನೊಳಗೆ, ಯಾರ ಬ್ಯಾಂಕ್ ಖಾತೆಗೆ, ವಾರದಲ್ಲಿ ಯಾವ ದಿನ ಭೇಟಿ, ರಜೆಯಲ್ಲಿ ಎಲ್ಲಿ ಎಂಬುದನ್ನು ಬರೆಸಲಿ. ದುಡಿಯಲು ಬೆಂಗಳೂರಿಗೋ ಕಾಫಿ ತೋಟಕ್ಕೋ ವರ್ಷದಲ್ಲಿ ಆರು ತಿಂಗಳು ಹೋಗುವವರು ನಮ್ಮಲ್ಲಿ ಬಹಳ. ಆ ಆರು ತಿಂಗಳು ಮಗು, ಅದರ ಶಾಲೆ ಎಲ್ಲಿ ಎಂಬುದನ್ನೂ ಬರೆಸಬೇಕು.

ಹೆಸರು, ವಲೀ, ಮಹ್ರಮ್

ಮಗು ಮಲತಂದೆಯನ್ನು ಪ್ರೀತಿಯಿಂದ ಅಬ್ಬಾ ಎಂದರೆ ಅಡ್ಡಿಯಿಲ್ಲ. ಆದರೆ ದಾಖಲೆಯಲ್ಲಿ ತಂದೆಯ ಹೆಸರಿನ ಜಾಗದಲ್ಲಿ ಮಲತಂದೆಯ ಹೆಸರು ಬರೆಸಬೇಡಿ. ಸಾಕುಮಕ್ಕಳನ್ನು ಅವರ ಹೆತ್ತ ತಂದೆಯ ಹೆಸರಿನಿಂದಲೇ ಕರೆಯಬೇಕೆಂದು ಕುರ್‌ಆನಿನ 33:5ರಲ್ಲಿ ಆಜ್ಞೆಯಿದೆ. ಹಝ್ರತ್ ಝೈದ್(ರ) ಮೊದಲು ಮುಹಮ್ಮದರ ಮಗ ಝೈದ್ ಎಂದು ಕರೆಯಲ್ಪಡುತ್ತಿದ್ದವರು, ಆ ನಂತರ ಹಾರಿಸರ ಮಗ ಝೈದ್ ಆದರು. ಸ್ವತಃ ಪ್ರವಾದಿಯ(ಸ) ಹೆಸರೇ ತೆಗೆಯಲ್ಪಟ್ಟ ಮೇಲೆ ನಮ್ಮ ನಿಮ್ಮ ಮಾತೇನು? ತಾಯಿ ಮರುಮದುವೆಯಾದರೆ ಮಗುವಿನ ಕುಲನಾಮ ಯಾವುದಿರಬೇಕೆಂದು ತಾಯಿ ನಿರ್ಧರಿಸಬಹುದು ಎಂದು ಆಂಧ್ರದ ಕುಟುಂಬವೊಂದರ ಪ್ರಕರಣದಲ್ಲಿ 2022ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಕುಲನಾಮ ಬೇರೆ, ನಸಬ್ ಬೇರೆ. ದುನಿಯಾದ ಲೆಕ್ಕದಲ್ಲೂ ನೋಡಿ: ಶಾಲೆಯ ದಾಖಲಾತಿಯಲ್ಲಿ ಒಂದು ಹೆಸರು, ಜನನ ಪ್ರಮಾಣಪತ್ರದಲ್ಲಿ ಇನ್ನೊಂದು ಇದ್ದರೆ ಮುಂದೆ ಜಾತಿ ಪ್ರಮಾಣಪತ್ರಕ್ಕೆ ತಹಶೀಲ್ದಾರ್ ಕಚೇರಿ ಅಲೆಯಬೇಕು. ಪಿಂಜಾರ, ನದಾಫ್ ಕುಟುಂಬಗಳಿಗೆ ಪ್ರವರ್ಗ-1ರ ಪ್ರಮಾಣಪತ್ರ ಎಷ್ಟು ಮುಖ್ಯವೆಂದು ಬಿಡಿಸಿ ಹೇಳಬೇಕಿಲ್ಲ.

ಬಾಲನ್ಯಾಯ ಕಾಯ್ದೆಯ ಅಡಿ ಮಲತಂದೆ ಅಥವಾ ಮಲತಾಯಿ ಮಗುವನ್ನು ಕಾನೂನುಬದ್ಧವಾಗಿ ದತ್ತು ಪಡೆಯುವ ದಾರಿ ಇದೆ. ಅದಕ್ಕೆ ಹೆತ್ತ ತಂದೆ-ತಾಯಿಯ ಒಪ್ಪಿಗೆ ಬೇಕು. ಆ ಕಾಯ್ದೆ ಯಾರ ಮೇಲೂ ಕಡ್ಡಾಯವಲ್ಲ, ಬಯಸಿದವರು ಬಳಸಬಹುದು ಎಂದು 2014ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಶರೀಅತ್ತಿನಲ್ಲಿ ಸಾಕುವುದಕ್ಕೆ ಪುಣ್ಯವಿದೆ, ನಸಬ್ ಬದಲಿಸಲು ಅನುಮತಿಯಿಲ್ಲ. ಆದ್ದರಿಂದ ನಮ್ಮವರಿಗೆ ಆ ದಾರಿಯ ಅಗತ್ಯ ನನಗೆ ಕಾಣುವುದಿಲ್ಲ.

ನಿಕಾಹ್ ದಫ್ತರಿನಲ್ಲಿ ಈ ತಪ್ಪು ಎದ್ದು ಕಾಣುತ್ತದೆ. ವಧುವಿನ ತಂದೆಯ ಹೆಸರು ಕೇಳಿದರೆ ಮಲತಂದೆಯ ಹೆಸರು ಹೇಳುತ್ತಾರೆ. ಮಲತಂದೆ ಅವಳ ವಲೀ ಅಲ್ಲ. ಹೆತ್ತ ತಂದೆ, ಆತ ಇಲ್ಲದಿದ್ದರೆ ದಾದಾ, ಅಣ್ಣ-ತಮ್ಮ, ಚಾಚಾ ಈ ಕ್ರಮದಲ್ಲಿ ವಲೀ. ಹುಡುಗಿ ಒಪ್ಪಿದರೆ ಮಲತಂದೆ ವಕೀಲನಾಗಿ ನಿಲ್ಲಬಹುದು. ಹದಿನೈದು ವರ್ಷ ಸಾಕಿದವನಿಗೆ ಆ ಗೌರವ ಕೊಡುವುದು ಚೆಂದವೂ ಹೌದು.

ತಾಯಿಯೊಂದಿಗೆ ದಾಂಪತ್ಯ ನಡೆಸಿದ ಮೇಲೆ ಮಲತಂದೆಗೆ ಆ ಹುಡುಗಿ ಶಾಶ್ವತವಾಗಿ ಮಹ್ರಮ್ (4:23). ತಂದೆಯ ಹೆಂಡತಿ ಮಗನಿಗೆ ಮಹ್ರಮ್. ಆದರೆ ಗಂಡನ ಮೊದಲ ಮಕ್ಕಳು ಮತ್ತು ಹೆಂಡತಿಯ ಮೊದಲ ಮಕ್ಕಳು ಒಂದೇ ಮನೆಯಲ್ಲಿ ಬೆಳೆದರೂ ಪರಸ್ಪರ ಮಹ್ರಮ್ ಅಲ್ಲ. ಪ್ರಾಯಕ್ಕೆ ಬಂದ ಮೇಲೆ ಮಲಗುವ ಜಾಗ ಬೇರೆ ಮಾಡುವುದನ್ನು ತಂದೆ-ತಾಯಿ ಮರೆಯಬಾರದು.

ಆಸ್ತಿ

ತಾಯಿ ಮರುಮದುವೆಯಾದಳೆಂದು ಮಗುವಿಗೆ ಹೆತ್ತ ತಂದೆಯ ಆಸ್ತಿಯಲ್ಲಿ ಒಂದು ಕಾಸೂ ಕಡಿಮೆಯಾಗದು. ವಿಧವೆಯ ಎಂಟನೇ ಒಂದು ಪಾಲೂ ಅಷ್ಟೇ; ಗಂಡ ಸತ್ತ ಕ್ಷಣ ಅದು ಅವಳದಾಯಿತು, ಮುಂದೆ ಆಕೆ ಮದುವೆಯಾದರೂ ಯಾರೂ ವಾಪಸ್ ಕೇಳುವಂತಿಲ್ಲ. ಮಲತಂದೆಯಿಂದ ಮಲಮಗುವಿಗೆ ವಾರಸು ಪಾಲು ಇಲ್ಲ. ಕೊಡಬೇಕೆನಿಸಿದರೆ ಬದುಕಿರುವಾಗ ಹಿಬಾ ಮಾಡಬಹುದು, ಇಲ್ಲವೇ ಮೂರನೇ ಒಂದರ ಮಿತಿಯಲ್ಲಿ ವಸಿಯ್ಯತ್ ಬರೆಯಬಹುದು. ತಾಯಿಯ ಆಸ್ತಿಯಲ್ಲಿ ಎರಡೂ ಮದುವೆಯ ಮಕ್ಕಳಿಗೆ ಒಂದೇ ಹಕ್ಕು.

ಜಗಳ ಬರುವುದು ಸತ್ತ ತಂದೆಯ ಹೊಲದಲ್ಲಿ. ಪಹಣಿಯಲ್ಲಿ ಚಿಕ್ಕ ಮಕ್ಕಳ ಹೆಸರು ಸೇರಿಸದೆ ಚಾಚಾಗಳು ತಮ್ಮ ಹೆಸರಿಗೆ ಮಾಡಿಸಿಕೊಳ್ಳುತ್ತಾರೆ, ಇಲ್ಲವೇ ತಾಯಿ ಹೊಸ ಗಂಡನ ಮಾತು ಕೇಳಿ ಮಾರಲು ಹೊರಡುತ್ತಾಳೆ. ಎರಡೂ ಸಲ್ಲದು. ತಾಯಿಗೆ ಮಗುವನ್ನು ಸಾಕುವ ಹಕ್ಕಿದೆ, ಅದರ ಸ್ಥಿರಾಸ್ತಿ ಮಾರುವ ಹಕ್ಕಿಲ್ಲ ಎಂದು 1918ರಲ್ಲೇ ಪ್ರಿವಿ ಕೌನ್ಸಿಲ್ ಇಮಾಂಬಂದಿ ಪ್ರಕರಣದಲ್ಲಿ ತೀರ್ಮಾನಿಸಿದೆ. ಚಾಚಾನಿಗೂ ಇಲ್ಲ, ಮಲತಂದೆಗಂತೂ ಇಲ್ಲವೇ ಇಲ್ಲ. ತಂದೆಯೂ ದಾದಾನೂ ಅವರು ನೇಮಿಸಿದವರೂ ಇಲ್ಲದಿದ್ದರೆ ಕೋರ್ಟು ಪಾಲಕರನ್ನು ನೇಮಿಸಬೇಕು, ಅವರೂ ಕೋರ್ಟಿನ ಅನುಮತಿ ಪಡೆದೇ ಮಾರಬೇಕು. ಅನುಮತಿಯಿಲ್ಲದೆ ಕೊಂಡವನ ದುಡ್ಡೂ ಅಪಾಯದಲ್ಲಿರುತ್ತದೆ. ಯತೀಮರ ಮಾಲು ತಿನ್ನುವವರು ಹೊಟ್ಟೆಗೆ ಬೆಂಕಿ ತುಂಬಿಕೊಳ್ಳುತ್ತಾರೆಂಬ 4:10ರ ಎಚ್ಚರಿಕೆ ಇಂಥವರಿಗೇ ಬಂದದ್ದು.

ಸಾಕಿದವರ ಹಕ್ಕು ಏನೂ ಇಲ್ಲವೇ ಎಂದು ಒಬ್ಬ ಹಿರಿಯರು ಕೇಳಿದರು. ಇದೆ. 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ ತಂದೆ-ತಾಯಿ ಎಂಬ ವ್ಯಾಖ್ಯೆಯೊಳಗೆ ಮಲತಂದೆ, ಮಲತಾಯಿಯೂ ಸೇರಿದ್ದಾರೆ. ದುಡಿಯಲಾಗದ ವಯಸ್ಸಿನಲ್ಲಿ ಮಕ್ಕಳು ಕೈಬಿಟ್ಟರೆ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ, ವಕೀಲರಿಲ್ಲದೆಯೂ, ಅರ್ಜಿ ಕೊಡಬಹುದು. ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಲು ಅದರಲ್ಲಿ ಅವಕಾಶವಿದೆ. ಸ್ವಂತ ಮಕ್ಕಳಿಲ್ಲದ ವಿಧವೆ ಮಲತಾಯಿ ಮಲಮಗನಿಂದ ಜೀವನಾಂಶ ಕೇಳಬಹುದೆಂದು 1996ರಲ್ಲಿ ಸುಪ್ರೀಂ ಕೋರ್ಟು ಬೇರೆಯಾಗಿಯೇ ಹೇಳಿದೆ.

ಇಂಥ ವಿಷಯದಲ್ಲಿ ದುಡ್ಡಿಲ್ಲವೆಂದು ಸುಮ್ಮನಿರುವ ಸಹೋದರಿಯರಿಗೆ ಒಂದು ಮಾಹಿತಿ. 1987ರ ಕಾನೂನು ಸೇವೆಗಳ ಕಾಯ್ದೆ ಪ್ರಕಾರ ಮಹಿಳೆಯರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇರಲಿ ಉಚಿತ ವಕೀಲರ ನೆರವು ಸಿಗುತ್ತದೆ. ತಾಲೂಕು ಕೋರ್ಟಿನ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ಕೇಳಿ, ಅಥವಾ 15100ಕ್ಕೆ ಫೋನ್ ಮಾಡಿ. ಮಗುವಿಗೆ ಹೊಡೆತ, ಹಿಂಸೆ ಆಗುತ್ತಿದ್ದರೆ 1098ಕ್ಕೆ ಕರೆ ಮಾಡಬಹುದು. ಹೋಗುವಾಗ ನಿಕಾಹ್‌ನಾಮಾ, ತಲಾಕ್ ಅಥವಾ ಖುಲಾ ಪತ್ರ, ಮಗುವಿನ ಜನನ ಪ್ರಮಾಣಪತ್ರ, ಶಾಲೆಯ ದಾಖಲೆ, ಹೊಲವಿದ್ದರೆ ಪಹಣಿ ಜೊತೆಗಿರಲಿ. ನಿಕಾಹ್‌ನಾಮಾ ಕಳೆದುಹೋಗಿದ್ದರೆ ನಿಕಾಹ್ ಆದ ಮಸೀದಿಯ ದಫ್ತರಿನಿಂದ ನಕಲು ಕೇಳಿ ಪಡೆಯಿರಿ.